ಬಟ್ಟೆ ಬ್ರ್ಯಾಂಡಿಗೆ ಟ್ರೇಡ್‌ಮಾರ್ಕ್: ಮೊದಲು ಹೆಸರು, ಆಮೇಲೆ ಲೋಗೋ

1975ರಲ್ಲಿ ಸ್ಪೇನಿನ ಅ ಕೊರುನ್ಯಾದಲ್ಲಿ ಅಮಾನ್ಸಿಯೊ ಒರ್ತೇಗ, ರೊಸಾಲಿಯಾ ಮೇರಾ ತಮ್ಮ ಬಟ್ಟೆ ಅಂಗಡಿಗೆ ಇಡಲು ಹೊರಟಿದ್ದ ಹೆಸರು 'ಜೋರ್ಬಾ'. ಅದೇ ಹೆಸರಿನ ಬಾರ್ ಹತ್ತಿರದಲ್ಲೇ ಇತ್ತು. ಬೋರ್ಡಿಗೆಂದು ಮಾಡಿಸಿದ್ದ ಅಕ್ಷರಗಳನ್ನು ಹೊಂದಿಸಿಕೊಂಡು 'ಜಾರಾ' ಎಂದಿಟ್ಟರು. ಬಟ್ಟೆಯ ಬಗ್ಗೆ ಏನನ್ನೂ ಹೇಳದ ಪದ ಅದು. ಟ್ರೇಡ್‌ಮಾರ್ಕಿಗೆ, ಅಂದರೆ ಕಾನೂನಿನಡಿ ನೋಂದಾಯಿಸಿಕೊಳ್ಳುವ ಬ್ರ್ಯಾಂಡ್ ಗುರುತಿಗೆ, ಒಗ್ಗುವುದು ಅಂಥದ್ದೇ. 'ಶುದ್ಧ ಕಾಟನ್', 'ರೇಷ್ಮೆ ಮನೆ' ಎಂದು ಸರಕನ್ನೇ ಬಣ್ಣಿಸುವ ಹೆಸರಿಗೆ ಅರ್ಜಿ ಹಾಕಿದರೆ ನಮ್ಮ ದೇಶದ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡಿ ಆಕ್ಷೇಪಣೆ ಬರುತ್ತದೆ. ಇಳಕಲ್, ಮೈಸೂರು ಸಿಲ್ಕ್ ಹೆಸರುಗಳಿಗೆ ಜಿಐ (ಒಂದು ಊರಿನ ವಿಶೇಷ ಉತ್ಪನ್ನವೆಂಬ ಭೌಗೋಳಿಕ ಗುರುತು) ನೋಂದಣಿ ಇದೆ, ಅವನ್ನು ಸ್ವಂತದ್ದಾಗಿಸಿಕೊಳ್ಳಲು ಹೋಗಬೇಡಿ.

ಬೋರ್ಡು ಬರೆಸುವ ಮೊದಲು ನೋಂದಣಿ ಮಾಡುವ ಸರ್ಕಾರಿ ಕಚೇರಿಯಾದ ಟ್ರೇಡ್‌ಮಾರ್ಕ್ಸ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕಿ, ಇದಕ್ಕೆ ಶುಲ್ಕವಿಲ್ಲ. ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ: ಉಡುಪು, ಪಾದರಕ್ಷೆ, ಟೋಪಿ 25ನೇ ವರ್ಗ. ಬರೀ ಬಟ್ಟೆ ಥಾನು 24. ಅಂಗಡಿ ವ್ಯಾಪಾರ 35. ಹೆಚ್ಚಿನವರು ಎಡವುವುದು ಇಲ್ಲೇ: ಕಾಗುಣಿತ ಮಾತ್ರ ನೋಡಿ ಉಚ್ಚಾರಣೆಯ ಹುಡುಕಾಟ ಬಿಟ್ಟುಬಿಡುತ್ತಾರೆ. ಕಿವಿಗೆ ಒಂದೇ ಥರ ಕೇಳುವ ಹಳೆಯ ಹೆಸರಿದ್ದರೆ 11ನೇ ಸೆಕ್ಷನ್ ಅಡ್ಡ ಬರುತ್ತದೆ. ಕನ್ನಡ ಹೆಸರಾದರೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟನ್ನೂ ಹಾಕಿ ನೋಡಿ.

ಅರ್ಜಿ ನಮೂನೆ ಟಿಎಂ-ಎ. ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ಒಂದೇ ಅರ್ಜಿಗೆ ಹಣವಿದ್ದರೆ ಲೋಗೋ ಬಿಟ್ಟು ಪದವನ್ನೇ ನೋಂದಾಯಿಸಿ. 2019ರಲ್ಲಿ ಜಾರಾ ತನ್ನ ಲೋಗೋದ ಅಕ್ಷರಗಳನ್ನು ಒಂದರ ಮೇಲೊಂದು ಹಾಯುವಂತೆ ಒತ್ತೊತ್ತಾಗಿ ಬದಲಿಸಿತು. ಲೋಗೋ ಹೀಗೆ ಬದಲಾಗುತ್ತಲೇ ಇರುತ್ತದೆ, ಪದದ ನೋಂದಣಿಯಾದರೆ ಯಾವ ಅಕ್ಷರಶೈಲಿಗೂ ನಡೆಯುತ್ತದೆ. ಕನ್ನಡ ಲಿಪಿಯಲ್ಲೇ ಹೆಸರು ಕೊಡುವುದಾದರೆ ಅದರ ಲಿಪ್ಯಂತರ, ಅರ್ಥ ಎರಡನ್ನೂ ಬರೆಯಬೇಕು.

ಈಗಾಗಲೇ ಮಾರುತ್ತಿದ್ದರೆ ಮೊದಲ ಬಳಕೆಯ ದಿನಾಂಕ, ಅಫಿಡವಿಟ್, ಬಿಲ್ಲುಗಳು ಬೇಕು. ಬಿಲ್ಲಿಲ್ಲದ ಹಳೆಯ ದಿನಾಂಕ ಹಾಕಬೇಡಿ. ಮುಂದೆ ತಕರಾರು ಬಂದಾಗ ಎದುರಾಳಿ ಮೊದಲು ಹಿಡಿಯುವುದೇ ಅದನ್ನು.

ರಿಜಿಸ್ಟ್ರಿಯ ಪರಿಶೀಲನಾ ವರದಿ ಕೈಸೇರಿದ 30 ದಿನದೊಳಗೆ ಉತ್ತರಿಸಿ. ಆಮೇಲೆ ಅರ್ಜಿ ರಿಜಿಸ್ಟ್ರಿಯ ಟ್ರೇಡ್‌ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾದರೆ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ವಿರೋಧದ ನೋಟಿಸ್ ಬಂದ 2 ತಿಂಗಳಲ್ಲಿ ಪ್ರತಿಹೇಳಿಕೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆಯೇ. ಈ ಗಡುವಿಗೆ ವಿಸ್ತರಣೆ ಇಲ್ಲ, ಅರ್ಜಿಯಲ್ಲಿ ಕೊಟ್ಟ ಇಮೇಲನ್ನು ನೋಡುತ್ತಲೇ ಇರಿ.

ನೋಂದಣಿ ಆಗುವವರೆಗೆ ಲೇಬಲ್ಲಿನಲ್ಲಿ 'ಟಿಎಂ' ಮಾತ್ರ. ನೋಂದಣಿಯಾಗಿದೆ ಎಂದು ಸೂಚಿಸುವ, ವೃತ್ತದೊಳಗಿನ 'ಆರ್' ಹಾಕಿದರೆ 107ನೇ ಸೆಕ್ಷನ್ ಪ್ರಕಾರ ದಂಡಕ್ಕೆ ಗುರಿಯಾಗುತ್ತೀರಿ. ನೋಂದಣಿ ಅರ್ಜಿಯ ದಿನದಿಂದ 10 ವರ್ಷ ಬಾಳುತ್ತದೆ, ಕೊನೆಯ ವರ್ಷದಲ್ಲಿ ನವೀಕರಿಸಿ. ಆ ಹೆಸರಲ್ಲಿ 5 ವರ್ಷಕ್ಕೂ ಮೇಲೆ ಏನೂ ಮಾರದಿದ್ದರೆ ಬೇರೆಯವರು ಅದನ್ನು ತೆಗೆಸಿಹಾಕಬಹುದು. ಹಾಗಾಗಿ ಬ್ರ್ಯಾಂಡ್ ಹೆಸರು ನಮೂದಾದ ಬಿಲ್ಲುಗಳನ್ನು ವರ್ಷವಾರು ಫೈಲ್ ಮಾಡಿಡಿ.