ಗುಜರಿ ಫ್ರಿಜ್ಜಿನಲ್ಲಿ ಮಾಗಿದ ನಂದಿ ತಪ್ಪಲಿನ ರೆಡ್

"ನಮ್ಮ ಕಡೆಯ ರೆಡ್ ವೈನ್ ವರ್ಷಗಟ್ಟಲೆ ಇಡೋದಕ್ಕಲ್ಲ ಮಾರಾಯ, ತಂದ ವರ್ಷವೇ ಕುಡಿದು ಮುಗಿಸು" ಎಂದು ನನಗೆ ಹೇಳದವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಇಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆರಡು ಸಲ ಪ್ರೂನಿಂಗ್, ಹಣ್ಣು ಮಾಗುವ ಹೊತ್ತಿಗೆ ಬಿಸಿಲೇರಿ ಹುಳಿ ಇಳಿದಿರುತ್ತದೆ. ಆದರೂ ನಂದಿ ತಪ್ಪಲಿನ ಗ್ರೋವರ್ ವೈನರಿಯವರ ಲಾ ರಿಸರ್ವ್, ಅದೇ ಕ್ಯಾಬರ್ನೆ, ಶಿರಾಜ್ ಎಂಬ ಎರಡು ದ್ರಾಕ್ಷಿ ತಳಿ ಬೆರೆಸಿದ್ದು, ಹೊಸದರಲ್ಲಿ ನಾಲಿಗೆಯನ್ನು ಒಗರಾಗಿ ಹಿಡಿಯುವ ಪರಿ ನೋಡಿ ಇದು ಏಳೆಂಟು ವರ್ಷ ತಾಳುತ್ತದೆ ಅಂತ ಪಟ್ಟು ಹಿಡಿದೆ. 2013ರ ಬಾಟಲಿಗಳನ್ನು 2021ರಲ್ಲಿ ಬಿಚ್ಚಿದೆ. ತಾಳಿತ್ತು.

ಅದಕ್ಕೆ ಮುಂಚಿನ ಕಥೆ ಮಾತ್ರ ಬರೀ ಖರ್ಚಿನದು. ಬೆಂಗಳೂರಿನ ಹವೆ ತಂಪು ಅನ್ನೋ ನಂಬಿಕೆಯ ಮೇಲೆ ಮೊದಲ ಕೇಸು, ಅಂದರೆ ಬಾಟಲಿಗಳ ಪೆಟ್ಟಿಗೆ, ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಗೆ ಹೋಯಿತು. ಏಪ್ರಿಲ್‌ನಲ್ಲಿ ಅಲ್ಲಿ 30 ಡಿಗ್ರಿ ದಾಟಿತು. ಕಾರ್ಕ್ ಮೇಲೆದ್ದು, ಫಾಯಿಲ್ ಕೆಳಗೆ ಅಂಟಂಟು. ಒಳಗಿನದು ಬೇಯಿಸಿದ ಜಾಮ್. ಹತ್ತು-ಹನ್ನೆರಡು ಸಾವಿರ ಚರಂಡಿಗೆ. ಆಮೇಲೆ ಕಂಪ್ರೆಸರ್ ಇಲ್ಲದೆ ತಂಪು ಮಾಡುವ ಪೆಲ್ಟಿಯರ್ ಮಾದರಿಯ ವೈನ್ ಕ್ಯಾಬಿನೆಟ್, ಹೆಚ್ಚುಕಡಿಮೆ ಇಪ್ಪತ್ತು ಸಾವಿರ. ಹೊರಗೆ 34 ಇದ್ದರೆ ಒಳಗೆ 19ಕ್ಕಿಂತ ಕೆಳಗೆ ಇಳಿಯಲೊಲ್ಲದು. ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಕೈಹಿಡಿದದ್ದು ಗುಜರಿಯವನಿಂದ ಮೂರು ಸಾವಿರಕ್ಕೆ ತಂದ ಸಿಂಗಲ್ ಡೋರ್ ಫ್ರಿಜ್ಜು, ಜೊತೆಗೆ ಉಷ್ಣತೆ ನೋಡಿ ಫ್ರಿಜ್ಜನ್ನು ಆನ್-ಆಫ್ ಮಾಡುವ ಏಳೆಂಟುನೂರರ ಡಿಜಿಟಲ್ ಕಂಟ್ರೋಲರ್. ಫ್ರಾಸ್ಟ್ ಫ್ರೀ ಬೇಡವೇ ಬೇಡ, ಗಾಳಿಯನ್ನು ಒಣಗಿಸಿಬಿಡುತ್ತದೆ. 14ಕ್ಕೆ ಸೆಟ್ ಮಾಡಿ, ಆನ್-ಆಫ್ ನಡುವೆ ಎರಡು ಡಿಗ್ರಿ ಅಂತರ, ನಿಂತ ಕಂಪ್ರೆಸರ್ ಮತ್ತೆ ಶುರುವಾಗಲು ಹತ್ತು ನಿಮಿಷ ತಡ. ಕಂಟ್ರೋಲರ್‌ನ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ತಂತಿಯ ತುದಿಯನ್ನು, ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಗುಡುಗುತ್ತದೆ. ಹಾಗಾಗಿ ಖಾಲಿ ಕ್ವಾರ್ಟರ್ ಬಾಟಲಿಗೆ ನೀರು ತುಂಬಿ, ಪ್ರೋಬ್ ಅದರೊಳಗೆ ಇಳಿಸಿ, ಬಾಯಿಗೆ ಟೇಪು ಸುತ್ತಿ ನಡುವಿನ ಸಾಲಿನಲ್ಲಿ ಮಲಗಿಸಿದೆ. ಈಗ ಅದು ಅಳೆಯುವುದು ವೈನಿನ ಬಿಸಿಯನ್ನು, ಗಾಳಿಯದನ್ನಲ್ಲ. ಕಾರ್ಕ್ ಒಣಗದಿರಲಿ ಅಂತ ಕೆಳಗೊಂದು ತಟ್ಟೆ ಒದ್ದೆ ಮರಳು. ಮಳೆಗಾಲದಲ್ಲಿ ಲೇಬಲ್‌ಗೆ ಬೂಷ್ಟು ಹಿಡಿಯುತ್ತದೆ, ಕ್ಲಿಂಗ್ ಫಿಲ್ಮ್ ಸುತ್ತಿಡಿ. ತುಂಬಿದ ಫ್ರಿಜ್ಜಾದರೆ ಮೂರು-ನಾಲ್ಕು ಗಂಟೆ ಕರೆಂಟ್ ಹೋದರೂ ಒಂದೆರಡು ಡಿಗ್ರಿ ಅಲುಗಿದರೆ ಹೆಚ್ಚು. ನಡುಕ ತಡೆಯಲು ರ‍್ಯಾಕ್ ಕೆಳಗೆ ಏನು ಇಟ್ಟಿದ್ದೇನೆ, ಅಂಗಡಿಯಲ್ಲೇ ಬೆಂದಿರದ ಬಾಟಲಿ ಯಾವ ತಿಂಗಳಲ್ಲಿ ಸಿಗುತ್ತದೆ ಅನ್ನೋದೆರಡು ನನ್ನ ಹತ್ತಿರವೇ ಇರಲಿ.

ಪಕ್ಕದಲ್ಲಿ ಬೇರೆ ಆಟವೂ ನಡೆದಿತ್ತು. ಅದೇ ಕೇಸಿನ ಬಾಟಲಿಯೊಂದನ್ನು ಅಡುಗೆಮನೆ ಫ್ರಿಜ್ಜಿನ 4 ಡಿಗ್ರಿಯಲ್ಲಿ ಮೂರು ವರ್ಷ ಮರೆತೆ. ಕೆಡಲಿಲ್ಲ, ಬೆಳೆಯಲೂ ಇಲ್ಲ. ಕಾರ್ಕ್ ಬದಲು ಸ್ಕ್ರೂ ಕ್ಯಾಪ್ ಇದ್ದ ಶಿರಾಜ್ ಬಾಟಲಿಯೊಂದು, ನಾಲ್ಕು ವರ್ಷದ ನಂತರವೂ ನೇರಳೆ ಬಣ್ಣದಲ್ಲೇ ಇತ್ತು. ಅದು ಇನ್ನೂ ಹತ್ತು ವರ್ಷ ಇರಬಹುದೇನೋ, ನನಗೆ ಅಷ್ಟು ತಾಳ್ಮೆ ಇಲ್ಲ.

ಬಿಚ್ಚುವ ಹಿಂದಿನ ದಿನ ಬಾಟಲಿ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಸುರಿಯುವಾಗ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದರೆ ಗಸಿಯ ಎಳೆ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಗಾಳಿಯಾಡಲು ಸುರಿದಿಡುವ ಗಾಜಿನ ಹೂಜಿ, ಅದೇ ಡಿಕ್ಯಾಂಟರ್‌ನಲ್ಲಿ, ಅರ್ಧ ಗಂಟೆ ಸಾಕು. ಎರಡು ಗಂಟೆ ಬಿಟ್ಟದ್ದು ಸಪ್ಪೆಯಾಯಿತು. ಲೋಟ ಓರೆ ಮಾಡಿದರೆ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಹಣ್ಣಿನ ವಾಸನೆ ಹಿಂದೆ ಸರಿದು ಒಣ ಅಂಜೂರ, ಹೊಗೆಸೊಪ್ಪು, ಸ್ವಲ್ಪ ತೊಗಲು. ಒಗರು ಪೂರಾ ಹೋಗಿರಲಿಲ್ಲ, ನುಣುಪಾಗಿತ್ತು. "ತಂದ ವರ್ಷವೇ ಕುಡಿ" ಎಂದವರೇ ಎರಡನೇ ಲೋಟ ಕೇಳಿದರು. ಅವರಿಗೆ ಲೇಬಲ್ ತೋರಿಸದೆ ಕೊಟ್ಟಿದ್ದೆ ಬಿಡಿ. ಒಬ್ಬರು ಫ್ರಾನ್ಸಿನ ಹೆಸರಾಂತ ಬೋರ್ಡೋ ವೈನ್ ಅಂದರು!

ಈಗ ಹಂಪಿ ಬೆಟ್ಟಗಳ ಕ್ರಸ್ಮಾ ವೈನರಿಯ ಕ್ಯಾಬರ್ನೆ ಅರ್ಧ ಕೇಸು ಮಲಗಿದೆ. ಬೆಲೆ ಜಾಸ್ತಿ, ಹಾಗಾಗಿ ಅದಕ್ಕೆಂದೇ ಕಂಟ್ರೋಲರ್ ಒಂದು ಸ್ಪೇರ್ ತಂದಿಟ್ಟಿದ್ದೇನೆ. ಈ ಅಗ್ಗದ ಡಬ್ಬಗಳಲ್ಲಿ ಮೊದಲು ಕೈಕೊಡುವುದು ಒಳಗಿನ ಸ್ವಿಚ್ಚು, ಅಂದರೆ ರಿಲೇ, ಅದೂ ಏಪ್ರಿಲ್‌ನಲ್ಲೇ.