ಅವ್ವನ ಕೋಣೆಗೆ ಡಬಲ್ ಗಾಜಿನ ಕಿಟಕಿ

ಪುಣೆಯಲ್ಲಿ ಎಲ್ಲಿಯ ಚಳಿ ಅನ್ನುವವರು ಜನವರಿಯ ಬೆಳಗಿನ ಜಾವ ಕೋಥ್ರೂಡ್‌ನ ನಮ್ಮ ಮನೆಗೆ ಬರಬೇಕು. ಹೊರಗೆ 10 ಡಿಗ್ರಿ. ಅವ್ವ ಮಲಗುವ ಕೋಣೆಯದು ಹಳೇ ಕಬ್ಬಿಣದ ಕಿಟಕಿ, ಗಾಜು ಹಿಡಿದಿದ್ದ ಪುಟ್ಟಿ ಉದುರಿತ್ತು. "ತಮ್ಮಾ, ಕಿಟಕಿ ಹಾಕಿದ್ರೂ ಗಾಳಿ ಬರ್ತೈತಲ್ಲೋ" ಅಂದಳು. ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿದೆ. ಕೆಳಗಿನ ಮೂಲೆಯಲ್ಲಿ ಹೊಗೆ ಅಡ್ಡಕ್ಕೆ ಒಳಗೆ ಬಾಗಿತು.

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟು, 5 ಎಂಎಂ ಗಾಜು, ನಡುವೆ 12 ಎಂಎಂ ಸಂದು, ಮತ್ತೆ 5 ಎಂಎಂ ಗಾಜು ಅಂತ ಆರ್ಡರ್ ಕೊಟ್ಟೆ. ಸ್ಲೈಡಿಂಗ್ ಬೇಡವೆಂದೆ. ಬಾಗಿಲಿನ ಹಾಗೆ ತೆರೆಯುವ ಕಿಟಕಿ ಸುತ್ತಲೂ ರಬ್ಬರಿಗೆ ಒತ್ತಿ ಕೂರುತ್ತದೆ, ಸ್ಲೈಡಿಂಗ್‌ಗೆ ಸಾಮಾನ್ಯವಾಗಿ ಬ್ರಷ್ ಅಷ್ಟೇ. ಅಗಲವನ್ನು ಮೂರು ಕಡೆ ಅಳೆದೆ. ಮೇಲೆ 1200 ಎಂಎಂ, ಕೆಳಗೆ 1194! ಹಳೇ ಗೋಡೆ ಅಂದಮೇಲೆ ಹಾಗೇ ಅಲ್ವಾ. ಕಡಿಮೆ ಇದ್ದದ್ದನ್ನೇ ಹಿಡಿದು, ಅದರಲ್ಲೂ 10 ಎಂಎಂ ಕಳೆದು ಬರೆದುಕೊಟ್ಟೆ.

ಗಾಜಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಒಂದೇ ಗಾಜಿನ ಯು ವ್ಯಾಲ್ಯೂ, ಅಂದರೆ ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ, ಸುಮಾರು 5.8, ಡಬಲ್ ಆದರೆ ಸುಮಾರು 2.8. ಕಡಿಮೆ ಇದ್ದಷ್ಟೂ ಶಾಖ ದಾಟುವುದು ಕಡಿಮೆ. ಲೋ-ಇ ಲೇಪ, ಅಂದರೆ ಶಾಖವನ್ನು ವಾಪಸ್ ಕಳಿಸುವ ತೆಳು ಪದರ, ಇದ್ದರೆ ಇನ್ನೂ ಇಳಿಯುತ್ತದೆ. ಎರಡು ಗಾಜಿಗೆ ಒಟ್ಟು ನಾಲ್ಕು ಮುಖ. ಹಿಮ ಬೀಳುವ ದೇಶಗಳಲ್ಲಿ ಆ ಲೇಪ ಹೆಚ್ಚಾಗಿ ಹೊರಗಿನಿಂದ ಎಣಿಸಿದರೆ ಮೂರನೇ ಮುಖದ ಮೇಲಿರುತ್ತದೆ, ಮನೆಯ ಬಿಸಿ ಮನೆಯಲ್ಲೇ ಉಳಿಯಲಿ ಅಂತ. ನಮಗೆ ಏಪ್ರಿಲ್‌ನ ಬಿಸಿಲೂ ಇದೆ, ಅದರ ಶಾಖ ಹೊರಗಿನ ಗಾಜಿನಲ್ಲೇ ತಡೆಯಲಿ ಅಂತ ಎರಡನೇ ಮುಖ ಕೇಳಿದ್ದೆ. ಗಾಜು ಬಂದ ದಿನ ರಾತ್ರಿ ಅದರ ಮುಂದೆ ಮೇಣದ ಬತ್ತಿ ಹಿಡಿದೆ. ನಾಲ್ಕು ಜ್ವಾಲೆ ಕಂಡವು, ಒಂದೊಂದು ಮುಖಕ್ಕೆ ಒಂದು. ಅದರಲ್ಲೊಂದರ ಬಣ್ಣ ಬೇರೆ. ಲೇಪ ಇರುವ ಮುಖ ಅದೇ. ಎಣಿಸಿ ನೋಡಿದೆ, ಹೊರಗಿನಿಂದ ಎರಡನೆಯದೇ.

ಕಿತ್ತು ಕೂರಿಸಲು ಒಬ್ಬ ಗೌಂಡಿಯನ್ನು ಜೊತೆಗೆ ಕರೆದುಕೊಂಡೆ. ಚೌಕಟ್ಟಿನ ಸುತ್ತಲಿನ ಸಂದಿಗೆ ಫೋಮ್ ತುಂಬುವಾಗ ತಪ್ಪಿದೆ. ಒಂದೇ ಸಲ ಜಾಸ್ತಿ ಹೊಡೆದುಬಿಟ್ಟೆ. ಬೆಳಿಗ್ಗೆ ನೋಡಿದರೆ ಫೋಮ್ ಉಬ್ಬಿ ಚೌಕಟ್ಟಿನ ನಡುಭಾಗ ಒಳಗೆ ಬಾಗಿತ್ತು, ಕಿಟಕಿ ಉಜ್ಜುತ್ತಿತ್ತು. ಚಾಕುವಿನಿಂದ ಕೊರೆದು ತೆಗೆದು, ಕಿಟಕಿ ಹಾಕಿಟ್ಟು ಸ್ವಲ್ಪ ಸ್ವಲ್ಪವೇ ತುಂಬಿದೆ. ಹೊರಗೆ ಸಿಲಿಕಾನ್ ಬಳಿಯುವಾಗ ಗೌಂಡಿ ಚೌಕಟ್ಟಿನ ಕೆಳಗಿನ ಸಣ್ಣ ತೂತುಗಳನ್ನೂ ಮುಚ್ಚಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಮಳೆನೀರು ಹೊರಗೆ ಹೋಗುವುದೇ ಅಲ್ಲಿಂದ.

ರಾತ್ರಿ ಮತ್ತೆ ಊದುಬತ್ತಿ ಹಿಡಿದೆ. ಕೆಳಗಿನ ಮೂಲೆಯಲ್ಲಿ ಹೊಗೆ ನೆಟ್ಟಗೆ ಮೇಲೇರಿತು. ಹಿಡಿಕೆಯ ಹತ್ತಿರ ಮಾತ್ರ ಇನ್ನೂ ಚೂರು ಅಲುಗಿತು. ಅಲೆನ್ ಕೀಯಿಂದ ಲಾಕನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಅಲ್ಲೂ ನಿಂತಿತು.