ಕಾರು ಬೇಡ ಅಂದ್ರೆ ನೀರಿನ ಹಿಂದೆ ಹೋಗಿ: ಆನೆಗೊಂದಿ ಗುಡ್ಡಗಳಲ್ಲಿ ಸೈಕಲ್ ಪ್ರವಾಸ

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ನಮ್ಮಪ್ಪ ಇದೇ ಅಂಗಡಿಯಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಈಗ ಹುಬ್ಬಳ್ಳಿ, ಬೆಂಗಳೂರು ಕಡೆಯಿಂದ ಗೇರ್ ಸೈಕಲ್ ತಂದವರು ಗಾಳಿ ಹೊಡೆಸಿಕೊಳ್ಳಲು ಬರುತ್ತಾರೆ. ಮೊಬೈಲ್ ಮುಂದೆ ಹಿಡಿದು "ಆನೆಗೊಂದಿಗೆ ಈ ದಾರಿ ಸರಿ ಇದೆಯಾ?" ಅಂತ ಕೇಳುತ್ತಾರೆ. ಆನೆಗೊಂದಿ ಅಂದರೆ ತುಂಗಭದ್ರಾ ಹೊಳೆಯ ಆಚೆ ಹಂಪಿಗೆ ಎದುರಿನ ಹಳೇ ಊರು. ಮೊಬೈಲು ತೋರಿಸುವುದು ಡಾಂಬರು ದಾರಿಯನ್ನೇ. ಆ ದಾರಿಯಲ್ಲಿ ಭತ್ತದ ಲಾರಿ, ಅಂಜನಾದ್ರಿ ಬೆಟ್ಟಕ್ಕೆ ಹೋಗುವ ಕಾರು, ಟೆಂಪೊ ಎಲ್ಲವೂ ಇರುತ್ತವೆ. ಸೈಕಲ್ ತುಳಿಯುವವನಿಗೆ ಗುಡ್ಡವನ್ನು ಕಣ್ಣೆತ್ತಿ ನೋಡಲೂ ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ನಾನು ಬೇರೆ ದಾರಿ ಹೇಳುತ್ತೇನೆ. ಕಾಲುವೆ ಹಿಡಿಯಿರಿ, ಕಾಲುವೆ ಮುಗಿದಲ್ಲಿ ಬಂಡಿ ದಾರಿ ಹಿಡಿಯಿರಿ.

ಕಾರಣ ಸರಳ. ಕಾಲುವೆ ನೀರು ತನ್ನಷ್ಟಕ್ಕೆ ಹರಿಯಬೇಕು. ಅದಕ್ಕೆ ಏರು ಆಗುವುದಿಲ್ಲ, ಜಾಸ್ತಿ ಇಳಿಜಾರೂ ಆಗುವುದಿಲ್ಲ. ಗುಡ್ಡ ಅಡ್ಡ ಬಂದರೆ ಬುಡದಲ್ಲಿ ಸುತ್ತಿಕೊಂಡು ಹೋಗುತ್ತದೆ. ಅದರ ಏರಿ, ಅಂದರೆ ದಂಡೆಯ ಮಣ್ಣಿನ ಒಡ್ಡು, ಅದರ ಮೇಲಿನ ದಾರಿಯೂ ಹಾಗೇ. ಸುತ್ತಲೂ ಬಂಡೆಗುಡ್ಡ, ಆದರೂ ನಿಮ್ಮ ಚಕ್ರದ ಕೆಳಗೆ ಸಮತಟ್ಟು ನೆಲ. ಕಾರಿನವರಿಗೆ ಈ ದಾರಿ ಸುತ್ತು, ಧೂಳು, ಇಕ್ಕಟ್ಟು. ಅವರು ಬರುವುದು ಅಪರೂಪ. ಬಂದರೆ ಟ್ರ್ಯಾಕ್ಟರ್, ಬೈಕು, ಎಮ್ಮೆ, ಕುರಿ ಹಿಂಡು, ಅಷ್ಟೇ.

ನಮ್ಮಲ್ಲಿ ದೊಡ್ಡ ಕಾಲುವೆ ಅಂದರೆ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ. ಡ್ಯಾಮ್ ಮುಗಿದದ್ದು 1953ರಲ್ಲಿ. ಈ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ರಾಯಚೂರು ಜಿಲ್ಲೆಯೊಳಗೆ ಹೋಗುತ್ತದೆ. ಒಟ್ಟು ಉದ್ದ 227 ಕಿ.ಮೀ. ಇದಕ್ಕಿಂತ ಎಷ್ಟೋ ಹಳೆಯವು ವಿಜಯನಗರದ ಕಾಲದ ಕಾಲುವೆಗಳು. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಮೇಲಿನ ಕಾಲುವೆ, ಕೆಳಗಿನ ಕಾಲುವೆ ಎಲ್ಲ ಆ ಸಾಲಿನವು. ಹೊಳೆಗೆ ಅಡ್ಡ ಕಲ್ಲಿನ ಒಡ್ಡು ಹಾಕಿ ತಿರುಗಿಸಿದ ನೀರು ಇವತ್ತಿಗೂ ಭತ್ತಕ್ಕೆ, ಬಾಳೆಗೆ ಹೋಗುತ್ತಿದೆ. ಹಂಪಿ ನೋಡಲು ಬರುವವರು ಗುಡಿ, ಗೋಪುರ ನೋಡಿ ಹೋಗುತ್ತಾರೆ. ಆ ರಾಜ್ಯಕ್ಕೆ ಅನ್ನ ಹಾಕಿದ್ದು ಈ ನೀರು. ಇದರ ಪಕ್ಕದಲ್ಲಿ ಒಂದು ಗಂಟೆಯಾದರೂ ಸೈಕಲ್ ತುಳಿಯಬೇಕು ಅನ್ನುವುದು ನನ್ನ ಆಸೆ.

ದಾರಿ ಕೇಳುವುದಕ್ಕೂ ಒಂದು ರೀತಿ ಇದೆ. "ಆನೆಗೊಂದಿಗೆ ದಾರಿ ಯಾವುದು?" ಅಂದರೆ ಯಾರಾದರೂ ಡಾಂಬರು ದಾರಿಯನ್ನೇ ತೋರಿಸುತ್ತಾರೆ. ಅವರ ತಪ್ಪಲ್ಲ, ನಿಮಗೆ ತ್ರಾಸಾಗಬಾರದು ಅಂತ ಹಾಗೆ ಹೇಳುತ್ತಾರೆ. ನೀವು ಹೀಗೆ ಕೇಳಿ: "ಯಣ್ಣಾ, ಈ ಏರಿ ಮ್ಯಾಲೆ ಬಂಡಿ ಹೋಗ್ತಾವೇನ್ರಿ?" ಬಂಡಿ ಹೋಗುತ್ತದೆ ಅಂದರೆ ಸೈಕಲ್ ಹೋಗುತ್ತದೆ. ಕೇಳಬೇಕಾದವರು ಕುರಿ ಕಾಯುವವರು, ಹಾಲು ಹಾಕಲು ಬೆಳಗ್ಗೆ ಹೊರಟವರು, ಗದ್ದೆಗೆ ನೀರು ಕಟ್ಟುವವರು. ಅಂಗಡಿ ಕಟ್ಟೆ ಮೇಲೆ ಕೂತವರಿಗೆ ಹೋದ ಮಳೆಗೆ ಎಲ್ಲಿ ಏರಿ ಕುಸಿದಿದೆ ಅನ್ನುವುದು ಗೊತ್ತಿರುವುದಿಲ್ಲ. ಇನ್ನೊಂದು ಮಾತು. ಏರಿ ದಾರಿ ಇರುವುದು ಕಾಲುವೆ ನೋಡಿಕೊಳ್ಳುವ ಕೆಲಸಕ್ಕೆ. ಗೇಟು ಹಾಕಿದ್ದರೆ, ಸರಪಳಿ ಕಟ್ಟಿದ್ದರೆ ದಾಟಬೇಡಿ. ಅಲ್ಲಿ ಕೆಲಸದವರಿದ್ದರೆ ಕೇಳಿ, ಬೇಡ ಅಂದರೆ ಪಕ್ಕದ ಹೊಲದ ದಾರಿಗೆ ಇಳಿಯಿರಿ.

ಕಾಲ ಯಾವುದು? ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ಮಾರ್ಚ್ ಬಂತು ಅಂದರೆ ಬಂಡೆಗಳು ಕಾಯಲು ಶುರು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಸಂಜೆಯಾದರೂ ಕಲ್ಲು ಬಿಸಿ ಉಗುಳುತ್ತಿರುತ್ತದೆ. ಮಳೆಗಾಲದಲ್ಲಿ ಹಸಿರೇನೋ ಚೆಂದ. ಆದರೆ ನಾಟಿ ಸಮಯದಲ್ಲಿ ಗದ್ದೆಯಿಂದ ಎದ್ದ ಟ್ರ್ಯಾಕ್ಟರಿನ ಕಬ್ಬಿಣದ ಕೇಜ್‌ವೀಲು ದಾರಿಯನ್ನೆಲ್ಲ ಉತ್ತು ಹಾಕುತ್ತದೆ. ಪಡುವಲ ಗಾಳಿಯೂ ಜೋರು. ಆಗ ಬಂದರೆ ಬೆಳಗ್ಗೆ ಪಡುವಲಕ್ಕೆ ತುಳಿಯಿರಿ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಅದೇ ನಿಮ್ಮನ್ನು ಮೂಡಲಕ್ಕೆ ತಳ್ಳಿಕೊಂಡು ಬರುತ್ತದೆ.

ಮಣ್ಣನ್ನೂ ನೋಡಬೇಕು. ಆನೆಗೊಂದಿ, ಸಾಣಾಪುರದ ಸುತ್ತ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ. ಮಳೆ ನಿಂತು ಸ್ವಲ್ಪ ಹೊತ್ತಿಗೆ ನೀರು ಇಂಗಿ ದಾರಿ ಗಟ್ಟಿಯಾಗುತ್ತದೆ. ಕುಕನೂರು, ಯಲಬುರ್ಗಾ ಕಡೆಗೆ ಎರೆ, ಅಂದರೆ ಕಪ್ಪು ಮಣ್ಣಿನ ನೆಲ ಜಾಸ್ತಿ. ಎರೆ ಹಸಿಯಾದರೆ ಟಯರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರವೇ ತಿರುಗುವುದಿಲ್ಲ. ಸೈಕಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಾಗುತ್ತದೆ. ಮಳೆ ಬಂದ ಮರುದಿನ ಎರೆ ಕಡೆಗೆ ಹೋಗಲೇಬೇಡಿ.

ಈಗ ಸೈಕಲ್ ವಿಷಯ. ಇದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ತೆಳು ಟಯರಿನ ರೇಸಿಂಗ್ ಸೈಕಲ್ ಇಲ್ಲಿಗೆ ಬೇಡ. 35 ಮಿ.ಮೀ.ಗಿಂತ ಅಗಲದ ಟಯರ್ ಇರಲಿ. ಹಳೇ ಕರಿ ಸೈಕಲ್ ಆದರೂ ಆದೀತು, ಬ್ರೇಕ್ ಗಟ್ಟಿ ಇದ್ದರೆ ಸಾಕು. ಗಾಳಿಯನ್ನು ಕಲ್ಲಿನಂತೆ ತುಂಬಿಸಬೇಡಿ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು, ಆಗ ಗರಸಿನ ಮೇಲೆ ಕೈ ನೋಯುವುದಿಲ್ಲ.

ಇಲ್ಲಿ ಸೈಕಲ್ಲಿಗೆ ದೊಡ್ಡ ಶತ್ರು ಬಳ್ಳಾರಿ ಜಾಲಿ. ಏರಿ ಉದ್ದಕ್ಕೂ ಬೆಳೆದಿರುತ್ತದೆ. ಯಾರಾದರೂ ಕಡಿದು ಉರುವಲಿಗೆ ಎಳೆದುಕೊಂಡು ಹೋದರೆ ಮುಳ್ಳು ದಾರಿ ಮೇಲೇ ಉಳಿಯುತ್ತದೆ. ಅದು ಟಯರ್ ದಾಟಿ ಟ್ಯೂಬಿನ ಎರಡೂ ಕಡೆ ತೂತು ಮಾಡುತ್ತದೆ. ಒಂದು ತೂತು ಮುಚ್ಚಿ ಕೆಲಸ ಮುಗಿಯಿತು ಅನ್ನಬೇಡಿ, ಟ್ಯೂಬನ್ನು ಪೂರ್ತಿ ತಿರುಗಿಸಿ ನೋಡಿ. ಇನ್ನೊಂದು ನೆಗ್ಗಿಲು ಮುಳ್ಳು, ಚಿಕ್ಕದು, ನೆಲಕ್ಕೆ ಅಂಟಿಕೊಂಡಿರುತ್ತದೆ. ಸೈಕಲನ್ನು ಹುಲ್ಲಿನ ಮೇಲೆ ಮಲಗಿಸಿದಾಗ ಚುಚ್ಚುವುದು ಇದೇ. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸಿ. ಮುರಿದ ಮುಳ್ಳು ಅಲ್ಲೇ ಕೂತಿರುತ್ತದೆ. ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್, ಕೈಪಂಪು, ಚೈನಿಗೆ ಎಣ್ಣೆ ಇಷ್ಟು ನಿಮ್ಮ ಹತ್ತಿರ ಇರಲೇಬೇಕು. ಏರಿ ಮೇಲೆ ಪಂಕ್ಚರ್ ಅಂಗಡಿ ಸಿಗುವುದಿಲ್ಲ.

ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಕಟ್ಟಿಕೊಳ್ಳಿ. ಕೆಡುವುದಿಲ್ಲ, ಒದ್ದೆಯಾಗುವುದಿಲ್ಲ. ಊರು ಸಿಕ್ಕರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತದೆ. ಒಬ್ಬರಿಗೆ 3 ಲೀಟರ್ ನೀರು. ಕಾಲುವೆ ನೀರು ಕುಡಿಯಬೇಡಿ, ಅದಕ್ಕೆ ಗದ್ದೆಯ ಔಷಧಿ ಸೇರಿರುತ್ತದೆ.

ಮೊದಲ ದಿನಕ್ಕೆ ಗಂಗಾವತಿಯಿಂದ ಆನೆಗೊಂದಿ, ಸಾಣಾಪುರ ಒಳ್ಳೆಯದು. ಬೆಳಕು ಹರಿದ ಮೇಲೆ ಹೊರಡಿ, ಕತ್ತಲಲ್ಲಿ ಬೇಡ. ಈ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ. ಊರವರು ಸಂಜೆಯಾದರೆ ದನ ಹೊಡೆದುಕೊಂಡು ಬಂದುಬಿಡುತ್ತಾರೆ, ನೀವೂ ಹಾಗೇ ಮಾಡಿ. ಗದ್ದೆಗಳ ನಡುವಿನ ದಾರಿಯಲ್ಲಿ ಕಡೆಬಾಗಿಲು ಕಡೆಗೆ ತುಳಿದು, ಅಲ್ಲಿಂದ ಆನೆಗೊಂದಿಯ ಕಲ್ಲಿನ ಅಗಸಿ ಬಾಗಿಲೊಳಗೆ ಬನ್ನಿ. ಊರೊಳಗೆ ಸೈಕಲ್ ಇಳಿದು ನಡೆಯಿರಿ. ಗಗನ ಮಹಲ್, ರಂಗನಾಥ ಗುಡಿ ಹತ್ತಿರ ಹತ್ತಿರವೇ ಇವೆ. ಆಮೇಲೆ ಹೊಳೆ ದಂಡೆಗೆ ಇಳಿದು ಚಿಂತಾಮಣಿ, 64 ಕಂಬದ ಮಂಟಪ ನೋಡಿ. ಹೊಳೆ ಇಳಿದಾಗ ಮಾತ್ರ ತೆಪ್ಪದಲ್ಲಿ ನಡುಗಡ್ಡೆಯ ಮೇಲಿನ ನವವೃಂದಾವನಕ್ಕೆ, ಅಂದರೆ ಒಂಬತ್ತು ಯತಿಗಳ ಸಮಾಧಿಗೆ ಹೋಗಬಹುದು. ಡ್ಯಾಮಿನಿಂದ ನೀರು ಬಿಟ್ಟರೆ ಆ ನಡುಗಡ್ಡೆಯೇ ಮುಳುಗುತ್ತದೆ.

ಆನೆಗೊಂದಿಯಿಂದ ಪಂಪಾ ಸರೋವರ, ಅಂಜನಾದ್ರಿ, ಸಾಣಾಪುರ ಕಡೆಗೆ ಇರುವುದು ಕಾರಿನ ದಾರಿ. ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಸಮಯ ನೋಡಿ ಗೆಲ್ಲಬೇಕು. ಶನಿವಾರ ಬೇಡ, ಭಾನುವಾರ ಬೇಡ. ಡಿಸೆಂಬರಿನಲ್ಲಿ ಹನುಮಮಾಲೆ ಹಾಕಿದವರು ಬೆಟ್ಟ ಹತ್ತುವ ದಿನಗಳಲ್ಲಂತೂ ಬರಲೇಬೇಡಿ. ವಾರದ ನಡುವೆ ಬೆಳಗ್ಗೆ 8ರೊಳಗೆ ಆ ತುಂಡು ದಾಟಿದರೆ ದಾರಿ ನಿಮ್ಮದೇ. ಅಷ್ಟು ಬೇಗ ದಾಟಬೇಕು ಅಂದರೆ ಆನೆಗೊಂದಿಯಲ್ಲೇ ಒಂದು ರಾತ್ರಿ ಉಳಿಯುವುದು ಲೇಸು. ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವುದಿದ್ದರೆ ಸೈಕಲ್ಲಿಗೆ ಬೀಗ ಹಾಕಿ, ತಿಂಡಿ ಚೀಲ ಕ್ಯಾರಿಯರ್ ಮೇಲೆ ಬಿಡಬೇಡಿ. ಕೋತಿಗಳು ಕ್ಷಣದಲ್ಲಿ ಬಿಚ್ಚುತ್ತವೆ.

ಸಾಣಾಪುರ ಕೆರೆ ದಾಟಿ ಮತ್ತೆ ಕಾಲುವೆ ಕಡೆಗೆ ತಿರುಗಿ. ಈ ಭಾಗದಲ್ಲಿ ಕಾಲುವೆ ಒಂದು ಕಡೆ ಗುಡ್ಡದೊಳಗೇ ನುಗ್ಗುತ್ತದೆ, ಪಾಪಯ್ಯ ಟನಲ್ ಅಂತಾರೆ. ನೀರು ಒಳಗೆ ಹೋದಲ್ಲಿ ನಿಮ್ಮ ಏರಿ ದಾರಿಯೂ ಮುಗಿಯಿತು, ಅಲ್ಲಿಂದ ಊರಿನ ದಾರಿ ಕೇಳಿ. ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ, ಮುಖ ತೊಳೆಯಲೂ ದೊಡ್ಡ ಕಾಲುವೆಗೆ ಇಳಿಯಬೇಡಿ. ಪಕ್ಕ ಇಳಿಜಾರು, ಪಾಚಿ ಕಟ್ಟಿರುತ್ತದೆ, ಸೆಳವು ಜೋರು. ಈಜು ಬಂದವರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ಸೈಕಲ್ಲನ್ನೂ ನೀರಿನ ಅಂಚು ಬಿಟ್ಟು ಹೊಲದ ಕಡೆಯ ಜಾಡಿನಲ್ಲೇ ಓಡಿಸಿ.

ಸುಗ್ಗಿಯಲ್ಲಿ ದಾರಿ ಮೇಲೆ ಭತ್ತ ಒಣಗಿಸಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ಇಳಿದು, ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ಅದು ಒಬ್ಬರ ವರ್ಷದ ದುಡಿಮೆ ಅಲ್ವಾ.

ಅದರ ಮರುದಿನ ಹಿರೇಬೆಣಕಲ್. ನನ್ನನ್ನು ಕೇಳಿದರೆ ಹಂಪಿಗಿಂತ ಮೊದಲು ನೋಡಬೇಕಾದ ಜಾಗ ಇದು. ಗಂಗಾವತಿಯಿಂದ ಸುಮಾರು 10 ಕಿ.ಮೀ. ಕೊಪ್ಪಳದ ದೊಡ್ಡ ದಾರಿಯಲ್ಲಿ ಸ್ವಲ್ಪ ದೂರ ಹೋಗಲೇಬೇಕು, ಅದನ್ನು ಬೆಳಗ್ಗೆ ಬೇಗ ಮುಗಿಸಿ ಊರಿಗೆ ತಿರುಗಿ. ಸೈಕಲ್ ಊರಲ್ಲೇ ಬಿಡಿ. ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಸರಿಯಾಗಿ ದುಡ್ಡು ಕೊಡಿ. ಗುಡ್ಡದ ಮೇಲೆ ಜಾಡು ಕವಲೊಡೆಯುತ್ತದೆ. ಮೇಲೆ ಹತ್ತಿದರೆ ಬಂಡೆಯ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳು, ಒಟ್ಟು ಸುಮಾರು 400. ಕೆಲವಕ್ಕೆ ಗುಂಡಗೆ ಕಿಂಡಿ ಕೊರೆದಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ್ದು. ನಮ್ಮವರು ಇದನ್ನು ಮೋರೇರ ಗುಡ್ಡ ಅನ್ನುತ್ತಾರೆ. ಒಂದು ದೊಡ್ಡ ಗುಂಡು ಇದೆ, ಬಡಿದರೆ ನಗಾರಿಯ ಸದ್ದು ದೂರಕ್ಕೆ ಕೇಳುತ್ತದೆ. ಚಪ್ಪಡಿ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ. ಇಷ್ಟು ವರ್ಷ ನಿಂತದ್ದು ನಮ್ಮ ಕಾಲದಲ್ಲಿ ಬೀಳಬಾರದು.

ಇನ್ನೂ ದಿನ ಇದ್ದರೆ ಕೊಪ್ಪಳಕ್ಕೆ ಹೋಗಿ ಗವಿಮಠದ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನ ನೋಡಿ, ಅಲ್ಲಿಂದ ಹಳ್ಳಿ ದಾರಿಗಳಲ್ಲಿ ಕುಕನೂರಿನ ನವಲಿಂಗ ಗುಡಿ, ಇಟಗಿಯ ಮಹಾದೇವ ದೇವಾಲಯ. ಇಟಗಿಯದು 1112ರದ್ದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕಂಬಗಳ ಹೊಳಪು ನೋಡಲು ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ತಲುಪುವ ಹಾಗೆ ಹೊರಡಿ. ನೆನಪಿರಲಿ, ಇದು ಎರೆ ಸೀಮೆ, ನೆರಳು ಕಡಿಮೆ.

ಬರುವುದಕ್ಕೆ ಹುಬ್ಬಳ್ಳಿ ಕಡೆಯಿಂದ ಗಂಗಾವತಿಗೆ ರೈಲು ಇದೆ. ಕೊಪ್ಪಳ, ಮುನಿರಾಬಾದಿನಲ್ಲೂ ನಿಲ್ದಾಣ ಇವೆ. ಸೈಕಲ್ಲನ್ನು ಲಗೇಜಿಗೆ ಬುಕ್ ಮಾಡಬೇಕು. ಅದಕ್ಕೆ ಮೊದಲು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಿಂದಿನ ಗೇರಿನ ಮೇಲೆ ರಟ್ಟು ಕಟ್ಟಿ. ಎಡ ಪೆಡಲಿನ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.